ಹೆಣ್ಣುಮಕ್ಕಳ ಕಂಠ ಮತ್ತು ಅದರ ಸಂರಕ್ಷಣೆ



ಹನ್ನೆರಡು ಹದಿಮೂರು ವರುಷದ ಹುಡುಗಿಯ ಸ್ವರವು ಒಡೆದಂತೆ ಕೇಳಿಸಿದೊಡನೆ, ಇವಳಿಗೆ ಸಂಗೀತವು ಒಗ್ಗದೆಂದು ಪಾಠವನ್ನು ನಿಲ್ಲಿಸಿಬಿಡುವ ಮನೆಗಳುಂಟು. ಇದು ಯುಕ್ತವಲ್ಲವೆಂಬದನ್ನು ಕಾರಣಸಹಿತವಾಗಿ ತಿಳಿಸುವದೇ ಈ ಲೇಖನದ ಉದ್ದೇಶವು.

ನಮ್ಮ ಕಂಠದಲ್ಲಿ ಎರಡು ಸ್ವರತಂತುಗಳಿವೆ. ಶ್ವಾಸಕೋಶದಿಂದ ಮೇಲೇರುವ ಗಾಳಿಯು ಇವುಗಳನ್ನು ಕಂಪಿಸುವದರಿಂದ ನಾದವು ಹುಟ್ಟುತ್ತದೆ. 1854ರಲ್ಲಿ ಮಾನ್ಯುಯೆಲ್ ಗಾರ್ಸಿಯಾ ಎಂಬ ಗಾಯನಶಿಕ್ಷಕರು ದಂತವೈದ್ಯರ ಪುಟ್ಟ ಕನ್ನಡಿಯಿಂದ ತಮ್ಮ ಸ್ವಂತ ತಂತುಗಳ ಚಲನೆಯನ್ನು ಕಂಡರು. ಪ್ರಾಯಕ್ಕೆ ಬರುವಾಗ ಈ ತಂತುಗಳು ಬೆಳೆಯುತ್ತವೆ. ಆಗ ಗಂಡುಮಕ್ಕಳ ಸ್ವರವು ಸುಮಾರು ಒಂದು ಸ್ಥಾಯಿಯಷ್ಟು ಇಳಿಯುವದು. ಹೆಣ್ಣುಮಕ್ಕಳದು ಸುಮಾರು ಮೂರು ಸ್ವರಸ್ಥಾನಗಳಷ್ಟು ಮಾತ್ರ. ಇಳಿತವು ಅಲ್ಪವಾದದರಿಂದ ಜನರು ಅದನ್ನು ಗಮನಿಸುವದಿಲ್ಲ. ಆದರೆ ಆ ಕಾಲದಲ್ಲಿ ಸ್ವರದೊಡನೆ ಗಾಳಿಯು ಬೆರೆಯುವದೂ ಮೇಲಿನ ಸ್ವರಗಳು ತಪ್ಪುವದೂ ಸಹಜವೇ. ಇದು ರೋಗವಲ್ಲ, ಬೆಳವಣಿಗೆಯು.

ಆದುದರಿಂದ ಶ್ರುತಿಯನ್ನು ಮಗುವಿಗೆ ತಕ್ಕಂತೆ ಇಡಬೇಕೇ ಹೊರತು ಮಗುವನ್ನು ಶ್ರುತಿಯ ಕಡೆಗೆ ಎಳೆಯಕೂಡದು. ಐದೂವರೆ ಮನೆಯಲ್ಲಿ ಹಾಡುತ್ತಿದ್ದವಳು ಐದಕ್ಕೋ ನಾಲ್ಕೂವರೆಗೋ ಇಳಿದರೆ ಅವಮಾನವೇನೂ ಇಲ್ಲ. ಕುತ್ತಿಗೆಯ ನರಗಳು ಉಬ್ಬದೆ, ಗದ್ದವು ಮೇಲಕ್ಕೇಳದೆ, ತಾರಷಡ್ಜವು ದೊರೆತರೆ ಅದೇ ಅವಳ ಶ್ರುತಿಯೆಂದು ತಿಳಿಯಬಹುದು. ಶಾಲೆಯ ಪ್ರಾರ್ಥನೆಯಲ್ಲಿ ಎಲ್ಲರೂ ಒಂದೇ ಶ್ರುತಿಯಲ್ಲಿ ಹಾಡುವಾಗ, ಎಟುಕದ ಸ್ವರವನ್ನು ಕೂಗದೆ ಬಿಟ್ಟುಬಿಡಲಿ.

ಇಳಿದ ಸ್ವರವು ನಷ್ಟವಾದ ಸ್ವರವಲ್ಲ. 1913ರಲ್ಲಿ ಧಾರವಾಡದಲ್ಲಿ ಜನಿಸಿದ ಗಂಗೂಬಾಯಿ ಹಾನಗಲ್ಲರ ಕಂಠವು ಮೊದಲು ತೆಳುವಾಗಿದ್ದು, ಗಂಟಲಿನ ಚಿಕಿತ್ಸೆಯ ಬಳಿಕ ಗಂಡುಸ್ವರದಂತೆ ಗಂಭೀರವಾಯಿತು. ಅವರು ಆ ಕಂಠವನ್ನೇ ಸಾಧನೆಯಿಂದ ಹದಮಾಡಿಕೊಂಡು ಹಾಡಿದರು. 2002ರಲ್ಲಿ ಪದ್ಮವಿಭೂಷಣಕ್ಕೆ ಪಾತ್ರರಾದರು.

ಅಭ್ಯಾಸದ ಕ್ರಮವು ಹೀಗಿರಲಿ. ಮೊದಲು ಮಧ್ಯಷಡ್ಜದಿಂದ ಮಂದ್ರದ ಕಡೆಗೆ ಮೆಲ್ಲನೆ ಇಳಿಯುತ್ತ ಒಂದೊಂದು ಸ್ವರದಲ್ಲಿ ನಿಲ್ಲಬೇಕು. ಅನಂತರ ಮಾಯಾಮಾಳವಗೌಳದ ಸರಳೆವರಸೆಗಳನ್ನು ಒಂದನೆಯ ಕಾಲದಲ್ಲಿ ಅಕಾರದಿಂದ ಹಾಡಬೇಕು. ಬೆಳಿಗ್ಗೆ ಇಪ್ಪತ್ತು ನಿಮಿಷ, ಸಂಜೆ ಇಪ್ಪತ್ತು ನಿಮಿಷ ಸಾಕು. ಆಯಾಸವಾದೊಡನೆ ನಿಲ್ಲಿಸತಕ್ಕದ್ದು.

ಕಷಾಯ, ಜೇನು ಮೊದಲಾದವು ಗಂಟಲಿಗೆ ಹಿತವೇ. ಆದರೆ ನಾವು ನುಂಗಿದ್ದು ಅನ್ನನಾಳಕ್ಕೆ ಹೋಗುವದಲ್ಲದೆ ಸ್ವರತಂತುಗಳನ್ನು ಮುಟ್ಟುವದಿಲ್ಲ. ದಿನವಿಡೀ ಸ್ವಲ್ಪಸ್ವಲ್ಪವಾಗಿ ನೀರು ಕುಡಿದು ದೇಹವನ್ನು ತಂಪಾಗಿಟ್ಟರೆ ತಂತುಗಳೂ ಒಣಗವು. ಸ್ವರವು ಕಟ್ಟಿದಾಗ ಪಿಸುಮಾತು ವಿಶ್ರಾಂತಿಯೆಂದು ತಿಳಿಯಬೇಡಿರಿ. ಒತ್ತಿ ಪಿಸುಗುಟ್ಟುವದೂ ದಣಿವೇ. ಮೌನವೇ ಮೇಲು. ಮೂರು ವಾರ ಕಳೆದರೂ ಒಡಕು ವಾಸಿಯಾಗದಿದ್ದರೆ ವೈದ್ಯರಿಗೆ ತೋರಿಸತಕ್ಕದ್ದು.

ದೇವರು ಕೊಟ್ಟ ತಲಾಂತನ್ನು ಹದಿಮೂರನೆಯ ವಯಸ್ಸಿನಲ್ಲಿ ಹೂಳಿಡುವದು ನಮಗೆ ತಕ್ಕದ್ದಲ್ಲ. ತಾಯಂದಿರೇ, ಮಗಳ ಸ್ವರವು ಒಡೆಯುವ ಆ ಒಂದೆರಡು ವರುಷ ತಾಳ್ಮೆಯಿಂದಿರಿ. ಶ್ರುತಿಯನ್ನು ಇಳಿಸಿರಿ, ಪಾಠವನ್ನು ಮಾತ್ರ ನಿಲ್ಲಿಸಬೇಡಿರಿ.