ಡೋರ್ ಮಷಿನ್‌ಗೆ ಅಡ್ವಾನ್ಸ್ ಕೊಡುವ ಮುಂಚೆ

ಪ್ರಶ್ನೆ: ಮಧುಗಿರಿಯಲ್ಲಿ ಸಣ್ಣ ಮರಗೆಲಸದ ಶೆಡ್ ಇದೆ. ಕಬೋರ್ಡ್ ಬಾಗಿಲು ಮಾಡುವ ಮಷಿನ್ ಕೊಳ್ಳಬಹುದೇ?

ಉತ್ತರ: ಮೊದಲು ನಿಮ್ಮ ಬಿಲ್ ಪುಸ್ತಕ ತಿರುವಿಹಾಕಿ. ಈ ಮಷಿನ್ ಇರುವುದು ಮರದ ಪಟ್ಟಿಗೆ ಗ್ರೂವ್ ಹೊಡೆದು, ನಡುವೆ ಹಲಗೆ ಕೂರಿಸುವ ಚೌಕಟ್ಟಿನ ಬಾಗಿಲಿಗೆ. ನೀವು ಶಿರಾ, ಕೊರಟಗೆರೆಗೆ ಕಳಿಸುವುದೆಲ್ಲ ಪ್ಲೈವುಡ್‌ಗೆ ಮೈಕಾ ಅಂಟಿಸಿದ ಶಟರ್ ಆಗಿದ್ದರೆ ಇದರಿಂದ ಕಾಸಿನ ಉಪಯೋಗವಿಲ್ಲ. ಅದಕ್ಕೆ ಬೇಕಾದ್ದು ಒಳ್ಳೆಯ ಪ್ಯಾನೆಲ್ ಸಾ, ಎಡ್ಜ್ ಬ್ಯಾಂಡಿಂಗ್ ಮಷಿನ್, ಹಿಂಜ್ ಕೂರಿಸಲು 35 ಮಿ.ಮೀ. ತೂತು ಕೊರೆಯುವ ಡ್ರಿಲ್.

ತೇಗದ ಕೆಲಸವೇ ಹೆಚ್ಚೆಂದರೂ ಸ್ಪಿಂಡಲ್ ಮೋಲ್ಡರ್ ಸಾಕು. ಕಟರ್ ಬದಲಿಸಿದರೆ ದೇವರಮನೆ ಬಾಗಿಲು, ಕಿಟಕಿ ಎಲ್ಲಕ್ಕೂ ಆಗುತ್ತದೆ. ಗಾರ್ಡ್ ಇಲ್ಲದೆ ಮಾತ್ರ ಓಡಿಸಬೇಡಿ, ಬೆರಳು ಹೋಗುತ್ತದೆ. ಧೂಳು ಎಳೆಯುವ ಯಂತ್ರದ ಖರ್ಚನ್ನೂ ಈಗಲೇ ಸೇರಿಸಿಕೊಳ್ಳಿ. ಮರದ ಧೂಳು ಕ್ಯಾನ್ಸರ್‌ಕಾರಕ.

ಇನ್ನು ಕರೆಂಟು. ಪಾವಗಡದಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದ್ದರೇನು, ನಿಮ್ಮ ಶೆಡ್ಡಿಗೆ ತ್ರೀ ಫೇಸ್ ಎಷ್ಟು ಹೊತ್ತು ಸಿಗುತ್ತದೆ ಎಂಬುದೇ ಲೆಕ್ಕ. ಬೆಸ್ಕಾಂ ಕಚೇರಿಯಲ್ಲಿ ಮಂಜೂರಾದ ಲೋಡ್ ವಿಚಾರಿಸಿ.

ಸಾಲಕ್ಕೆ 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ನೋಡಿ. ಬಡಗಿಗಳಿಗೆ ಅಡಮಾನವಿಲ್ಲದೆ ಮೊದಲು 1 ಲಕ್ಷ, ಅದು ತೀರಿದ ಮೇಲೆ 2 ಲಕ್ಷ, ಶೇ. 5ರ ಬಡ್ಡಿ.

ನನ್ನ ಮಾತು ಕೇಳುವುದಾದರೆ, ಚೌಕಟ್ಟಿನ ಬಾಗಿಲ ಆರ್ಡರ್ ಬಂದಾಗ ತುಮಕೂರಿನಲ್ಲೋ ಬೆಂಗಳೂರಿನಲ್ಲೋ ಕೂಲಿ ಕೊಟ್ಟು ಮಾಡಿಸಿ. ಈ ವರ್ಷ ಆ ಮಷಿನ್ ಬೇಡ.