ಮಳೆ ಹೇಳುವ ಆಪ್ ನಮ್ಮ ಸುದ್ದಿಯನ್ನು ಯಾರಿಗೆ ಹೇಳುತ್ತದೆ?

ಕೊಳೆರೋಗಕ್ಕೆ ಮದ್ದು ಬಿಡುವ ದಿನ ಗೊತ್ತುಮಾಡಲು ಈಗ ನಾವು ಆಕಾಶಕ್ಕಿಂತ ಹೆಚ್ಚು ನೋಡುವುದು ಮೊಬೈಲನ್ನು. ಮಳೆ ಆಪ್, ಧಾರಣೆ ಆಪ್, ಎಲೆಯ ಫೋಟೋ ನೋಡಿ ರೋಗ ಹೇಳುವ ಆಪ್ – ಹೆಚ್ಚಿನವು ಧರ್ಮಕ್ಕೇ ಸಿಗುತ್ತವೆ. ಹಾಗಾದರೆ ಅವುಗಳ ಖರ್ಚು ಹುಟ್ಟುವುದು ಎಲ್ಲಿಂದ? ಕೆಲವು ಸಮಯದಿಂದ ಈ ಬಗ್ಗೆ ಅಭ್ಯಾಸ ಮಾಡುತ್ತಿದ್ದೇನೆ. ತಿಳಿದಷ್ಟನ್ನು ಇಲ್ಲಿ ಹಂಚಿಕೊಳ್ಳುತ್ತೇನೆ.

ವರದಿ ಒಪ್ಪಿಸುವ ಬಿಡಿಭಾಗ

ಪಂಪ್‌ಸೆಟ್ ಮಾಡುವವರು ಬೇರಿಂಗನ್ನು ಹೊರಗಿನಿಂದ ತರಿಸಿ ಜೋಡಿಸುವುದುಂಟು. ಆಪ್ ಮಾಡುವವರೂ ಹಾಗೆಯೇ. ಜಾಹೀರಾತು ತೋರಿಸಲು, ಎಷ್ಟು ಜನ ಬಳಸಿದರೆಂದು ಲೆಕ್ಕ ಹಿಡಿಯಲು ಗೂಗಲ್, ಫೇಸ್‌ಬುಕ್‌ನಂಥ ಕಂಪೆನಿಗಳ ರೆಡಿಮೇಡ್ ಬಿಡಿಭಾಗ ಜೋಡಿಸುತ್ತಾರೆ. ಇವೇ ‘ಟ್ರ್ಯಾಕರ್’ಗಳು.

ಬೇರಿಂಗ್ ತನ್ನಷ್ಟಕ್ಕೆ ತಿರುಗುತ್ತದೆ. ಟ್ರ್ಯಾಕರ್ ಹಾಗಲ್ಲ, ತನ್ನ ಧಣಿಗೆ ವರದಿ ಒಪ್ಪಿಸುತ್ತದೆ. ಆಪ್ ಯಾವಾಗ ತೆರೆದಿರಿ, ಯಾವ ಪುಟ ನೋಡಿದಿರಿ, ಫೋನು ಯಾವ ಮಾದರಿಯದ್ದು ಇತ್ಯಾದಿ. ಲೊಕೇಶನ್‌ಗೆ ಅನುಮತಿ ಕೊಟ್ಟಿದ್ದರೆ ಅದೂ ಹೋಗಬಹುದು. ಆಂಡ್ರಾಯ್ಡ್ ಫೋನಿನಲ್ಲಿ ‘ಜಾಹೀರಾತು ಐಡಿ’ ಎಂಬ ಗುರುತು ಬೇರೆ ಇದೆ. ದನದ ಕಿವಿಯೋಲೆಯ ನಂಬ್ರ ಇದ್ದ ಹಾಗೆ. ಹತ್ತು ಆಪ್‌ಗಳಿಂದ ಬಂದ ಸುದ್ದಿಯನ್ನು ಈ ಒಂದೇ ನಂಬ್ರದಡಿ ಗುಡ್ಡೆ ಹಾಕಬಹುದು. ಹೆಸರು ಬೇಕೆಂದೇ ಇಲ್ಲ. ರಾತ್ರಿಯಿಡೀ ಫೋನು ಇರುವ ಜಾಗವೇ ಮನೆ ಅಂತ ಗೊತ್ತಾಗುತ್ತದಲ್ಲ!

ಇದು ಬರೇ ಸಂಶಯವಲ್ಲ

2017ರ ಆಗಸ್ಟಿನಲ್ಲಿ ಅಮೆರಿಕದ ಆಕ್ಯುವೆದರ್ ಆಪ್‌ನ ಸಂಗತಿ ಬಯಲಾಯಿತು. ಐಫೋನಿನಲ್ಲಿ ಲೊಕೇಶನ್ ನಿರಾಕರಿಸಿದ್ದರೂ ಹತ್ತಿರದ ವೈಫೈ ರೂಟರಿನ ಗುರುತು ರಿವೀಲ್ ಮೊಬೈಲ್ ಎಂಬ ಬೇರೊಂದು ಕಂಪೆನಿಗೆ ಹೋಗುತ್ತಿತ್ತು. ಅದರಿಂದ ಜಾಗ ಅಂದಾಜಿಸಲು ಸಾಧ್ಯ. 2019ರ ಜನವರಿಯಲ್ಲಿ ಲಾಸ್ ಏಂಜಲಿಸ್ ನಗರದ ಸರಕಾರಿ ವಕೀಲರು ‘ದಿ ವೆದರ್ ಚಾನೆಲ್’ ಆಪ್‌ನವರ ಮೇಲೆ ದಾವೆ ಹೂಡಿದರು. ಹವಾಮಾನ ಹೇಳಲೆಂದು ಪಡೆದ ಲೊಕೇಶನನ್ನು ಬೇರೆ ವ್ಯಾಪಾರಕ್ಕೆ ಬಳಸುತ್ತಾರೆಂಬುದು ದೂರು. 2020ರಲ್ಲಿ ರಾಜಿಯಾಯಿತು.

ನಾವೇ ಪರೀಕ್ಷಿಸಬಹುದು

‘ಎಕ್ಸೋಡಸ್ ಪ್ರೈವಸಿ’ ಫ್ರಾನ್ಸಿನ ಲಾಭರಹಿತ ಸಂಸ್ಥೆ. 2017ರಲ್ಲಿ ಶುರುವಾದದ್ದು. ಇವರ ಆಪ್ ನಮ್ಮ ಆಂಡ್ರಾಯ್ಡ್ ಫೋನಿನ ಒಂದೊಂದು ಆಪ್‌ನಲ್ಲೂ ಯಾವ್ಯಾವ ಟ್ರ್ಯಾಕರ್ ಇದೆ, ಏನೇನು ಅನುಮತಿ ಕೇಳುತ್ತದೆ ಎಂದು ಪಟ್ಟಿ ಕೊಡುತ್ತದೆ. ಒಂದು ಮಾತು ನೆನಪಿರಲಿ: ಬಿಡಿಭಾಗ ಇದೆ ಎಂದಷ್ಟೇ ಇದು ಹೇಳುವುದು, ಏನು ಕಳಿಸಿತು ಎಂದಲ್ಲ. ಆಪ್ ಕೆಟ್ಟುನಿಂತರೆ ಮಾಡಿದವರಿಗೆ ತಿಳಿಸುವ ಉಪಕಾರಿ ಭಾಗಗಳೂ ಪಟ್ಟಿಯಲ್ಲಿ ಬರಬಹುದು.

ನಾನು ಅನುಸರಿಸುವ ಕ್ರಮ

1. ಮಳೆ ಆಪ್‌ಗೆ ಲೊಕೇಶನ್ ಕೊಡುವುದಿಲ್ಲ, ಊರಿನ ಹೆಸರು ಟೈಪ್ ಮಾಡುತ್ತೇನೆ. ಕೊಡಲೇಬೇಕಾದರೆ ‘ಅಂದಾಜು’ ಸಾಕು. 2021ರಲ್ಲಿ ಬಂದ ಆಂಡ್ರಾಯ್ಡ್ 12ರಿಂದ ಈ ಆಯ್ಕೆ ಇದೆ. ಇದರಲ್ಲಿ ಸುಮಾರು 3 ಚದರ ಕಿ.ಮೀ.ಯೊಳಗೆ ಎಂದಷ್ಟೇ ತಿಳಿಯುತ್ತದೆ. ಮಳೆ ತಿಳಿಯಲು ತೋಟದ ಗಡಿ ಯಾಕೆ?

2. ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ, ಅಲ್ಲಿ ಆ್ಯಡ್ಸ್ – ಇಲ್ಲಿ ಜಾಹೀರಾತು ಐಡಿ ಅಳಿಸಬಹುದು. ಕೆಲವು ಫೋನುಗಳಲ್ಲಿ ಇದು ಗೂಗಲ್ ವಿಭಾಗದೊಳಗೆ ಸಿಗುತ್ತದೆ.

3. ಧಾರಣೆ ಆಪ್ ಕಾಂಟ್ಯಾಕ್ಟ್ಸ್ ಕೇಳಿದರೆ ಕೊಡುವುದಿಲ್ಲ. ನೆಂಟರ ಫೋನ್ ನಂಬ್ರಕ್ಕೂ ಅಡಿಕೆ ಧಾರಣೆಗೂ ಎಂತ ಸಂಬಂಧ?

4. ಬಳಸದ ಆಪ್ ತೆಗೆದುಹಾಕುತ್ತೇನೆ.

ನಮಗೆ ಮುಚ್ಚಿಡಲು ಏನಿದೆ ಎನ್ನುವವರಿದ್ದಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪಿತ್ತರು. ತೋಟಕ್ಕೆ ಬೇಲಿ ಹಾಕುವುದು ಒಳಗೆ ಕದ್ದ ಮಾಲು ಇದೆ ಅಂತ ಅಲ್ಲವಲ್ಲ. ಮುಂದಿನ ಸಲ ಆಪ್ ಹಾಕಿಸಿಕೊಳ್ಳುವಾಗ ‘ಅನುಮತಿಸಿ’ ಒತ್ತುವ ಮೊದಲು ಏನು ಕೇಳುತ್ತಿದೆ ಎಂದು ಓದಿ ನೋಡಿ.