ಗಣಕಯಂತ್ರದಲ್ಲಿ ಕನ್ನಡ ಪಾಠ: ಅರಿತಿರಬೇಕಾದ ಕೆಲವು ಸಂಗತಿಗಳು

ಸುವರ್ಣ ಮಹೋತ್ಸವವನ್ನಾಚರಿಸುತ್ತಿರುವ ಈ ಶಾಲೆಯಲ್ಲಿ ನಾನು ವಿದ್ಯಾರ್ಥಿಯಾಗಿದ್ದಾಗ ಪಾಠೋಪಕರಣಗಳೆಂದರೆ ಕರಿಹಲಗೆ, ಸೀಮೆಸುಣ್ಣ ಹಾಗೂ ಗೋಡೆಗೆ ತೂಗುಹಾಕಿದ ಭೂಪಟ ಮಾತ್ರ. ಮುಂದೆ ಇದೇ ಕಾಸರಗೋಡಿನ ಸೀಮೆಯಲ್ಲಿ ಅಧ್ಯಾಪಕನಾದ ನಾನು ನಿವೃತ್ತಿಯ ಅಂಚಿನಲ್ಲಿ ಗಣಕಯಂತ್ರವನ್ನು ಕಲಿಯಬೇಕಾಯಿತು. ಆ ಕಲಿಕೆಯಲ್ಲಿ ಎಡವಿದ್ದನ್ನೂ ಅದರಿಂದ ತಿಳಿದುಕೊಂಡದ್ದನ್ನೂ ಇಲ್ಲಿ ನಿವೇದಿಸುತ್ತೇನೆ.

2018ರಲ್ಲಿ ಕೇರಳದ ಪ್ರೌಢಶಾಲೆಗಳ ತರಗತಿಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್‌ಗಳು ಬರತೊಡಗಿದವು. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಚಂದ್ರಗಿರಿಯೆಂಬ ಹೆಸರಿನಿಂದ ನಮ್ಮಲ್ಲಿ ಕಡಲು ಸೇರುವ ಪಯಸ್ವಿನಿಯನ್ನು ಕುರಿತು ಮೂರು ರಾತ್ರಿ ಕುಳಿತು ಸ್ಲೈಡುಗಳನ್ನು ಸಿದ್ಧಪಡಿಸಿದೆ. ತರಗತಿಯಲ್ಲಿ ತೆರೆದಾಗ ಚಿತ್ರಗಳೆಲ್ಲ ಇದ್ದವು, ಕನ್ನಡ ಮಾತ್ರ ಇರಲಿಲ್ಲ. 'ಕನ್ನಡ' ಎಂದು ಬರೆದಲ್ಲಿ ಇಂಗ್ಲಿಷಿನ ಪಿ, ನೆತ್ತಿಯ ಮೇಲೆ ಗೀಟುಳ್ಳ ಎ, ಪೌಂಡ್ ನಾಣ್ಯದ ಚಿಹ್ನೆ! ಹಿಂದಿನ ಬೆಂಚಿನ ಹುಡುಗನೊಬ್ಬ, "ಮಾಸ್ಟ್ರೇ, ಕಂಪ್ಯೂಟರಿಗೆ ಕನ್ನಡ ಬರುವುದಿಲ್ಲವಾ?" ಎಂದು ಕೇಳಿದ. ಮಕ್ಕಳು ನಕ್ಕರು. ನನಗೆ ನಗು ಬರಲಿಲ್ಲ. ಮಲಯಾಳವನ್ನೂ ಇಂಗ್ಲಿಷನ್ನೂ ಬಲ್ಲ ಯಂತ್ರಕ್ಕೆ ತನ್ನ ಮನೆಮಾತು ಬಾರದೆಂದು ಗಡಿನಾಡಿನ ಮಗುವೊಂದು ನಂಬಿಬಿಟ್ಟರೆ, ಆ ನಂಬಿಕೆಯನ್ನು ಕೀಳುವುದು ಸುಲಭವಲ್ಲ.

ಅಕ್ಷರಗಳ ಗುಟ್ಟು

ತಪ್ಪು ಯಂತ್ರದ್ದಲ್ಲ, ನನ್ನದೇ. ಗಣಕಯಂತ್ರವು ಪ್ರತಿಯೊಂದು ಅಕ್ಷರವನ್ನೂ ಸಂಖ್ಯೆಯಾಗಿ ನೆನಪಿಡುತ್ತದೆ. ಹಳೆಯ ಬಗೆಯ ಅಕ್ಷರಶೈಲಿಗಳು ಇಂಗ್ಲಿಷಿನ ಸಂಖ್ಯೆಗಳಿಗೇ ಕನ್ನಡದ ವೇಷ ತೊಡಿಸುತ್ತಿದ್ದವು. ಆ ಅಕ್ಷರಶೈಲಿ ನನ್ನ ಮನೆಯ ಯಂತ್ರದಲ್ಲಿತ್ತು, ಶಾಲೆಯ ಲಿನಕ್ಸ್ ಯಂತ್ರದಲ್ಲಿರಲಿಲ್ಲ. ವೇಷ ಕಳಚಿತು, ಇಂಗ್ಲಿಷ್ ಹೊರಬಿತ್ತು. ಯೂನಿಕೋಡ್‌ನಲ್ಲಾದರೋ ಕನ್ನಡಕ್ಕೆ ಸ್ವಂತ ಮನೆಯಿದೆ. 1991ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ 128 ಸ್ಥಾನಗಳನ್ನು ಕಾದಿರಿಸಲಾಗಿದೆ. ಅದರಲ್ಲಿ 'ಕ' ಎಂಬ ಅಕ್ಷರದ ಸಂಖ್ಯೆ 3221; ಯಾವ ದೇಶದ ಯಾವ ಯಂತ್ರಕ್ಕೆ ಹೋದರೂ ಅದು 'ಕ' ಎಂದೇ ಉಳಿಯುತ್ತದೆ. ಆದುದರಿಂದ ಬರೆಯುವುದನ್ನು ಯೂನಿಕೋಡ್‌ನಲ್ಲಿಯೇ ಬರೆಯಬೇಕು.

ಕೀಲಿಮಣೆಯ ವಿನ್ಯಾಸ ನಮ್ಮ ನೆರೆಯ ತುಳುನಾಡಿನವರೇ ಆದ ಕಿನ್ನಿಕಂಬಳ ಪದ್ಮನಾಭ ರಾಯರ ಕೊಡುಗೆ. ತಮ್ಮ ಕನ್ನಡ ತಂತ್ರಾಂಶಕ್ಕೆ ಅವರು ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರನ್ನಿಟ್ಟರು. ಅವರ ವಿನ್ಯಾಸದಲ್ಲಿ ಕೆ, ಎನ್, ಎಫ್, ಎನ್, ಡಬ್ಲ್ಯು ಎಂಬ ಐದು ಕೀಲಿಗಳನ್ನು ಕ್ರಮವಾಗಿ ಒತ್ತಿದರೆ 'ಕನ್ನಡ' ಮೂಡುತ್ತದೆ. ನಡುವಿನ ಎಫ್ ಒತ್ತಕ್ಷರವನ್ನು ಕೂಡಿಸುವ ಕೀಲಿ.

ಹೊರಗಿನ ಸಲಕರಣೆಗಳು

ಯಂತ್ರಕ್ಕೆ ಜೋಡಿಸುವ ಸಲಕರಣೆಗಳು ಮುಖ್ಯವಾಗಿ ಮೂರು ಬಗೆ. ಕೀಲಿಮಣೆ, ಮೌಸ್, ಸ್ಕ್ಯಾನರ್‌ಗಳು ವಿಷಯವನ್ನು ಒಳಗೆ ಕಳುಹಿಸುತ್ತವೆ. ಪ್ರಿಂಟರ್, ಪ್ರೊಜೆಕ್ಟರ್, ಧ್ವನಿಪೆಟ್ಟಿಗೆಗಳು ಹೊರಗೆ ತರುತ್ತವೆ. ಪೆನ್ ಡ್ರೈವ್ ಕಾಪಿಡುತ್ತದೆ. ಅದನ್ನು ಯಂತ್ರಕ್ಕೆ ತಿಳಿಸದೆ ಥಟ್ಟನೆ ಕಿತ್ತರೆ ಒಳಗಿನ ಬರಹ ಕೆಡಬಹುದು.

ಸ್ಲೈಡು ಸಿದ್ಧಪಡಿಸುವಾಗ

1. ಒಂದು ಸ್ಲೈಡಿಗೆ ಒಂದೇ ವಿಚಾರ, ಐದಾರು ಸಾಲು ಸಾಕು.

2. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಅಂತರ ಬೇಕು. ಅಕ್ಷರದ ಗಾತ್ರ 28ಕ್ಕಿಂತ ಕಡಿಮೆಯಾಗದಿರಲಿ. ಕೊನೆಯ ಬೆಂಚಿನಲ್ಲಿ ಕುಳಿತು ಸ್ವತಃ ಓದಿ ನೋಡುವುದು ಒಳಿತು.

3. ಪರದೆಯಲ್ಲಿದ್ದುದನ್ನೇ ಓದಿದರೆ ಅದು ಪಾಠವಲ್ಲ. ಚಿತ್ರ ಪರದೆಯಲ್ಲಿರಲಿ, ವಿವರಣೆ ಬಾಯಲ್ಲಿರಲಿ.

4. ಮಕ್ಕಳ ಗಮನ ತಮ್ಮ ಕಡೆಗೆ ಬೇಕಾದಾಗ ಬಿ ಕೀಲಿಯನ್ನೊತ್ತಿದರೆ ಪರದೆ ಕಪ್ಪಾಗುತ್ತದೆ. ಮತ್ತೊಮ್ಮೆ ಒತ್ತಿದರೆ ಮರಳುತ್ತದೆ.

5. ಪಿಡಿಎಫ್ ರೂಪದ ಪ್ರತಿಯೊಂದು ಜೊತೆಗಿರಲಿ. ಅದರೊಳಗೆ ಅಕ್ಷರಶೈಲಿಯೂ ಅಡಕವಾಗಿರುವುದರಿಂದ ಬರಹ ಚೆದರುವುದಿಲ್ಲ.

ಮರುವಾರ ಅದೇ ಪಾಠವನ್ನು ಯೂನಿಕೋಡ್‌ನಲ್ಲಿ ಬರೆದು ತೋರಿಸಿದೆ. ಪ್ರಶ್ನೆ ಕೇಳಿದ ಹುಡುಗನನ್ನೇ ಕರೆದು, ಐದು ಕೀಲಿಗಳನ್ನು ಅವನಿಂದಲೇ ಒತ್ತಿಸಿದೆ. ಗೋಡೆಯ ಮೇಲೆ 'ಕನ್ನಡ' ಎಂದು ಮೂಡಿದಾಗ ಅವನು ಒಂದು ಕ್ಷಣ ಸುಮ್ಮನೆ ನಿಂತು, ಆಮೇಲೆ ತನ್ನ ಹೆಸರನ್ನು ಬರೆಯಬಹುದೇ ಎಂದು ಕೇಳಿದ.

ಈ ಶಾಲೆಯ ಹಳೆವಿದ್ಯಾರ್ಥಿಗಳಲ್ಲಿ ಗಣಕಯಂತ್ರವನ್ನು ಬಲ್ಲವರು ಅನೇಕರಿದ್ದಾರೆ. ರಜೆಯಲ್ಲಿ ಊರಿಗೆ ಬಂದಾಗ ಒಂದು ದಿನ ಇಲ್ಲಿಗೆ ಬಂದು, ನಾಲ್ಕು ಮಕ್ಕಳಿಗೆ ಆ ಐದು ಕೀಲಿಗಳನ್ನು ಕಲಿಸಿಕೊಡಬೇಕೆಂಬುದು ನನ್ನ ವಿನಮ್ರ ಪ್ರಾರ್ಥನೆ.